ಕಂಬಗಳ ನಡುವೆ ಹುಟ್ಟಿದ ಯಂತ್ರ

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಮಣ್ಣು ಕೆಲಸದ ಯಂತ್ರಗಳಿಗೆ ಜನ ಇಟ್ಟುಕೊಂಡಿರುವ ಹೆಸರುಗಳೆಲ್ಲ ಕಂಪನಿಗಳ ಹೆಸರುಗಳೇ. ಮುಂದೆ ಅಗಲವಾದ ಬಕೆಟ್, ಹಿಂದೆ ಅಗೆಯುವ ಕೈ ಇದ್ದರೆ ಅದು ಯಾರು ಮಾಡಿದ್ದಾದರೂ 'ಜೆಸಿಬಿ'. ಚೈನಿನ ಮೇಲೆ ನಿಂತು ಸುತ್ತ ತಿರುಗಿ ಅಗೆಯುವುದೆಲ್ಲ 'ಹಿಟಾಚಿ'. ಈಚೆಗೆ ಕಾಣಿಸಿಕೊಂಡ, ನಿಂತ ಜಾಗದಲ್ಲೇ ಗಿರಕಿ ಹೊಡೆಯುವ ಪುಟ್ಟ ಲೋಡರು 'ಬಾಬ್‌ಕ್ಯಾಟ್'. ಗುದ್ದಲಿ, ಹಾರೆ, ಸನಿಕೆ, ಪುಟ್ಟಿ ಎಂದು ಹೇಳುತ್ತಿದ್ದ ನಾಲಿಗೆಗೆ ಈ ಹೊಸ ಪದಗಳು ಒಗ್ಗಿಹೋಗಲು ನಲವತ್ತು ವರ್ಷವೂ ಬೇಕಾಗಲಿಲ್ಲ.

ಈ ಪುಟ್ಟ ಲೋಡರಿಗೆ ಈಗ ಬೇಡಿಕೆ ಬಂದಿರುವುದಕ್ಕೆ ಕಾರಣಗಳು ಕಣ್ಣೆದುರಿಗೇ ಇವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ತುಮಕೂರಿನ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆದಿದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ನಗರದ ಪಾರ್ಕುಗಳು, ಅಮಾನಿಕೆರೆಯ ದಂಡೆ ಹೊಸ ರೂಪ ಪಡೆದವು. ಕಾರ್ಖಾನೆ, ಕಾಲೇಜು, ಬಡಾವಣೆ, ತೋಟದ ಮನೆ, ಎಲ್ಲಕ್ಕೂ ಒಂದು ಅಂಗಳ ಬೇಕು. ಆ ಅಂಗಳದಲ್ಲಿ ಏರು ತಗ್ಗು ಸರಿಪಡಿಸಬೇಕು, ಮೇಲ್ಮಣ್ಣು ಹರಡಬೇಕು, ಗುಂಡಿ ತೋಡಬೇಕು, ಹುಲ್ಲು ಹಾಸಬೇಕು. ಗುತ್ತಿಗೆದಾರರು ಇದನ್ನೆಲ್ಲ ಸೇರಿಸಿ 'ಲ್ಯಾಂಡ್‌ಸ್ಕೇಪಿಂಗ್' ಎನ್ನುತ್ತಾರೆ. ಈ ಕೆಲಸಕ್ಕೆ ಯಾವ ಲೋಡರ್ ಕೊಳ್ಳಬೇಕು, ಯಾವುದನ್ನು ಬಾಡಿಗೆಗೆ ತರಬೇಕು ಎಂಬ ಪ್ರಶ್ನೆಗೆ ಮಾರಾಟಗಾರ ಅಶ್ವಶಕ್ತಿಯ ಲೆಕ್ಕ ಕೊಡುತ್ತಾನೆ. ಚರಿತ್ರೆ ಮಾತ್ರ ಬೇರೊಂದು ಪ್ರಶ್ನೆ ಕೇಳುತ್ತದೆ: ಈ ಯಂತ್ರವನ್ನು ಮೊದಲು ಮಾಡಿದ್ದು ಯಾವ ನೆಲಕ್ಕಾಗಿ?

ಆ ಪ್ರಶ್ನೆಗೆ ಹೋಗುವ ಮುಂಚೆ ನಮ್ಮ ನೆಲದಲ್ಲಿ ಮಣ್ಣು ಹೇಗೆ ಎತ್ತುತ್ತಿದ್ದರು ಎಂಬುದನ್ನು ನೋಡಬೇಕು.

ತುಮಕೂರು ಸೀಮೆ ಕೆರೆಗಳ ಸೀಮೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ 1860ರ ದಶಕದಲ್ಲಿ ಇಲ್ಲಿನ ನೀರಾವರಿಯನ್ನು ಅಧ್ಯಯನ ಮಾಡಿ, ಈ ರಾಜ್ಯದಲ್ಲಿ ಹೊಸ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎಂಬ ಅರ್ಥದ ಮಾತು ಬರೆದಿದ್ದ. ಹಳ್ಳ ಹರಿಯುವಲ್ಲೆಲ್ಲ ಒಂದರ ಕೆಳಗೊಂದು ಕೆರೆ ಆಗಲೇ ಕಟ್ಟಿಯಾಗಿತ್ತು. ಒಂದೊಂದು ಕೆರೆಯ ಏರಿಯೂ ಯಾರೋ ತಲೆಯ ಮೇಲೆ ಹೊತ್ತು ತಂದು ಸುರಿದ ಮಣ್ಣು. ಜನಪದ ಹಾಡಿನಲ್ಲಿ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯೂ ಹಾಗೆಯೇ ಎದ್ದದ್ದು. ಹಾಡು ಕೆರೆಯ ಚೆಲುವನ್ನು ಉಳಿಸಿಕೊಂಡಿದೆ. ಪುಟ್ಟಿಗಳ ಲೆಕ್ಕ ಮಾತ್ರ ಎಲ್ಲೂ ಉಳಿದಿಲ್ಲ.

ಕಟ್ಟುವುದು ಒಂದು ಕೆಲಸವಾದರೆ ಕಾಪಾಡುವುದು ಇನ್ನೊಂದು. ಕರ್ನಾಟಕದ ಶಾಸನಗಳಲ್ಲಿ ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿಯನ್ನು ಕೆರೆಗೊಡಗೆ ಎಂದು ಕರೆದಿದ್ದಾರೆ. ಹೂಳು ತೆಗೆಯಲು, ಏರಿಗೆ ಮಣ್ಣು ಹಾಕಲು ಬಂಡಿ ಇಟ್ಟುಕೊಳ್ಳುವುದಕ್ಕೆ ದತ್ತಿ ಬಿಟ್ಟ ಉಲ್ಲೇಖಗಳೂ ಇವೆ. ಅದು ಕೆರೆಬಂಡಿ. ಬಂಡಿ ಮಾಡಿಸಿಕೊಟ್ಟು ಕೈತೊಳೆದುಕೊಂಡರೆ ಸಾಲದು, ಅದನ್ನು ನಡೆಸುವ ಖರ್ಚಿಗೂ ದಾರಿ ಮಾಡಬೇಕು ಎಂಬುದು ಅಂದಿನವರಿಗೆ ಗೊತ್ತಿತ್ತು. ಇಂದು ಯಂತ್ರ ಕೊಳ್ಳುವವರು ಬೆಲೆಯನ್ನಷ್ಟೇ ಕೇಳಿ, ಡೀಸೆಲ್, ಟೈರು, ಬಿಡಿಭಾಗ, ಆಪರೇಟರ್ ಸಂಬಳ ಮರೆತು ಸಾಲಕ್ಕೆ ಬೀಳುವುದನ್ನು ಕಂಡಾಗ ಕೆರೆಬಂಡಿಯ ದತ್ತಿ ನೆನಪಾಗುತ್ತದೆ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಹೋಗಿ ಗೋಡು ಹೊಡೆಯುತ್ತಿದ್ದರು. ಕೆರೆಯ ಅಂಗಳದಲ್ಲಿ ಕೂತ ಆ ಕಪ್ಪು ಮೆತ್ತನೆ ಮಣ್ಣು ತೋಟಕ್ಕೆ ಗೊಬ್ಬರ. ಒಂದೇ ಕೆಲಸದಿಂದ ಕೆರೆಯ ಹೊಟ್ಟೆ ಖಾಲಿಯಾಗುತ್ತಿತ್ತು, ತೋಟದ ಹೊಟ್ಟೆ ತುಂಬುತ್ತಿತ್ತು. ಈ ಸೀಮೆಯ ನಿಜವಾದ ಲ್ಯಾಂಡ್‌ಸ್ಕೇಪಿಂಗ್ ಎಂದರೆ ಇದೇ. ಆ ಹೆಸರು ಆಮೇಲೆ ಬಂತು.

ಆದರೆ ಹೊಸ ಕೆರೆ ತೋಡುವುದು, ಒಡೆದ ಏರಿ ಕಟ್ಟುವುದು, ಬಾವಿ ಇಳಿಸುವುದು ನುರಿತವರ ಕೆಲಸ. ಆ ನುರಿತವರು ಇಂದು ಭೋವಿ ಎಂದು ಗುರುತಿಸಿಕೊಳ್ಳುವ ಸಮುದಾಯದವರು. ಹಳೆಯ ದಾಖಲೆಗಳಲ್ಲಿ ಒಡ್ಡರು. ಒಡ್ಡು ಕಟ್ಟುವವರಾದ್ದರಿಂದ ಆ ಹೆಸರು ಎನ್ನುವವರಿದ್ದಾರೆ, ಓಡ್ರ ದೇಶದ ಮೂಲ ಎನ್ನುವವರೂ ಇದ್ದಾರೆ. ಕಲ್ಲು ಒಡೆಯುವವರು ಕಲ್ಲೊಡ್ಡರು, ಮಣ್ಣು ಕೆಲಸದವರು ಮಣ್ಣೊಡ್ಡರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ದೊಡ್ಡ ಸಂತೆಯ ಬಗ್ಗೆ ಬರೆದಿದ್ದಾನೆ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಕಥನದಲ್ಲಿ ಈ ಸಮುದಾಯದ ವಿವರವೂ ಇದೆ. ಕಾಲುವೆ, ಬಾವಿ, ಕೆರೆ ತೋಡುವುದು, ಕಟ್ಟೆ ಕಟ್ಟುವುದು, ರಸ್ತೆ ಮಾಡುವುದು ಇವರ ಕಸುಬು. ಉಪ್ಪು ಮತ್ತು ಧಾನ್ಯದ ವ್ಯಾಪಾರವೂ ಉಂಟು. ವಯಸ್ಸಾದವರು ಊರ ಬಳಿಯ ಗುಡಿಸಲಲ್ಲಿದ್ದು ಕೆರೆ ಬಾವಿಗಳ ರಿಪೇರಿ ನೋಡಿಕೊಂಡರೆ, ಗಟ್ಟಿಮುಟ್ಟಾದ ಯುವಕ ಯುವತಿಯರು ಎತ್ತು ಕತ್ತೆಗಳೊಂದಿಗೆ ವ್ಯಾಪಾರಕ್ಕೆ ಊರೂರು ಅಲೆಯುತ್ತಾರೆ ಎಂಬುದು ಅವನ ಮಾತಿನ ಸಾರ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ 12ನೇ ಶತಮಾನದ ಶರಣ ಸಿದ್ಧರಾಮನನ್ನು ಈ ಸಮುದಾಯ ಗುರುವೆಂದು ಪೂಜಿಸುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇವರ ಜ್ಞಾನ ಎಂಥದ್ದು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಕೆರೆ ಏರಿಗೆ ಹಾಕುವ ಮಣ್ಣೂ ತೋಟಕ್ಕೆ ಹಾಕುವ ಮಣ್ಣೂ ನೋಡುವವರಿಗೆ ಮಣ್ಣೇ. ಏರಿಯ ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ದನ ಓಡಾಡಿಸಿ ತುಳಿಸಿ, ದಿಮ್ಮಸು ಹೊಡೆದು ಬಿಗಿ ಮಾಡಬೇಕು. ಅಲ್ಲಿ ನೀರು ಒಳಗೆ ನುಗ್ಗಬಾರದು. ತೋಟದ ಮಣ್ಣು ಸಡಿಲವಾಗಿರಬೇಕು, ಅಲ್ಲಿ ನೀರು ಒಳಗೆ ಇಳಿಯಲೇಬೇಕು. ಒಂದು ಕಡೆ ಭಾರ ಬೇಕು, ಇನ್ನೊಂದು ಕಡೆ ಭಾರವೇ ಶತ್ರು. ಮಣ್ಣೊಡ್ಡರ ಅಂಗಾಲಿಗೆ ಈ ವ್ಯತ್ಯಾಸ ಗೊತ್ತಿತ್ತು. ಯಂತ್ರಕ್ಕೆ ಅಂಗಾಲಿಲ್ಲ, ಅದನ್ನು ಆರಿಸುವವರಿಗೆ ಇದು ಗೊತ್ತಿರಬೇಕು.

ಕೆಲಸಕ್ಕೆ ಕೂಲಿ ಕೊಡುತ್ತಿದ್ದ ಕ್ರಮವೂ ಗಮನಿಸುವಂಥದ್ದು. ಮಣ್ಣು ಕೆಲಸಕ್ಕೆ ಗುಂಡಿಯ ಅಳತೆಯ ಮೇಲೆ ದುಡ್ಡು. ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಆಳ ಎಂದರೆ ನೂರು ಘನ ಅಡಿ. ಎಷ್ಟು ಆಳ ಅಗೆದರು ಎಂಬುದಕ್ಕೆ ರುಜುವಾತಾಗಿ ಗುಂಡಿಯ ನಡುನಡುವೆ ಅಗೆಯದೆ ಬಿಟ್ಟ ಮಣ್ಣಿನ ದಿಂಡುಗಳು ನಿಂತಿರುತ್ತಿದ್ದವು. ಅದರ ನೆತ್ತಿಯ ಮೇಲೆ ಹಳೆಯ ನೆಲದ ಹುಲ್ಲು ಹಾಗೆಯೇ ಇರಬೇಕು. ಅಳತೆ ಮುಗಿಯುವವರೆಗೆ ಅದನ್ನು ಕೆಡವುವಂತಿಲ್ಲ. ನಾವು ಮಾತಿನಲ್ಲಿ ಸುಲಭವಾಗಿ ಬಳಸುವ ಸಾಕ್ಷಿಗುಡ್ಡೆ ಎಂಬ ಪದಕ್ಕೆ ಇಲ್ಲಿ ಕಣ್ಣೆದುರಿನ ಅರ್ಥವಿತ್ತು. ಮಣ್ಣನ್ನು ಎಷ್ಟು ದೂರ ಹೊತ್ತರು ಎಂಬುದಕ್ಕೆ 'ಲೀಡ್', ಎಷ್ಟು ಎತ್ತರಕ್ಕೆ ಏರಿಸಿದರು ಎಂಬುದಕ್ಕೆ 'ಲಿಫ್ಟ್' ಎಂದು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಬೇರೆ ಲೆಕ್ಕವೂ ಸೇರಿತು.

ಆ ನೂರು ಘನ ಅಡಿಯ ತೂಕ ಎಷ್ಟು? ಒಂದು ಘನ ಮೀಟರ್ ಮಣ್ಣು ಸುಮಾರು 1.6 ಟನ್ ಎಂದು ಹಿಡಿದರೆ, ನೂರು ಘನ ಅಡಿ ನಾಲ್ಕೂವರೆ ಟನ್. ಪುಟ್ಟಿಗೆ ಇಪ್ಪತ್ತು ಕಿಲೋದಂತೆ ಇನ್ನೂರ ಇಪ್ಪತ್ತೈದು ಪುಟ್ಟಿ. ಗಂಡಸರು ಅಗೆದು ತುಂಬಿದರೆ ಹೆಂಗಸರು ತಲೆಗೆ ಸಿಂಬೆ ಇಟ್ಟು ಅಷ್ಟನ್ನೂ ಹೊತ್ತು ದಂಡೆ ಏರುತ್ತಿದ್ದರು. 1884ರ ಹೊತ್ತಿಗೆ ಬೆಂಗಳೂರಿನಿಂದ ತುಮಕೂರು ಹಾದು ಗುಬ್ಬಿಗೆ ಬಂದ ರೈಲು ಹಳಿಯ ಕೆಳಗಿನ ದಿಬ್ಬವನ್ನು ಎಬ್ಬಿಸಿದ್ದು ಇಂಥ ಪುಟ್ಟಿಗಳೇ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ ಜಲಾಶಯ ಇಂದಿಗೂ ಅದರ ಸ್ವಯಂಚಾಲಿತ ಸೈಫನ್‌ಗಳಿಗಾಗಿ ಹೆಸರುವಾಸಿ. ನೋಡಲು ಹೋದವರು ಸೈಫನ್ ನೋಡಿ ಬರುತ್ತಾರೆ. ಆದರೆ ಅಲ್ಲಿ ಕಲ್ಲಿನ ಗೋಡೆ ನೂರ ನಲವತ್ತು ಮೀಟರಿನಷ್ಟು ಮಾತ್ರ, ಎರಡೂ ಬದಿಯ ಮಣ್ಣಿನ ಏರಿ ಸಾವಿರದ ನಾನೂರು ಮೀಟರಿಗೂ ಮಿಕ್ಕಿದ್ದು.

ಸ್ವಾತಂತ್ರ್ಯದ ನಂತರ ದೊಡ್ಡ ಯಂತ್ರಗಳು ಬಂದವು. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ತ್ ಮೂವರ್ಸ್, ಅಂದರೆ ಇಂದಿನ ಬಿಇಎಂಎಲ್, ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬುಲ್ಡೋಜರ್ ತಯಾರಿಸತೊಡಗಿತು. ಅವು ಅಣೆಕಟ್ಟು, ಗಣಿ, ಹೆದ್ದಾರಿಗಳ ಯಂತ್ರಗಳು. ಹಳ್ಳಿಯ ರಸ್ತೆಗೆ ಇಳಿದದ್ದು ಹಳದಿ ಬಣ್ಣದ ಇನ್ನೊಂದು. ಇಂಗ್ಲೆಂಡಿನ ಅಟಾಕ್ಸಿಟರ್ ಎಂಬ ಪುಟ್ಟ ಊರಿನಲ್ಲಿ 1945ರಲ್ಲಿ ಬಾಡಿಗೆ ಗ್ಯಾರೇಜೊಂದರಲ್ಲಿ ಟ್ರೇಲರ್ ಮಾಡಿ ಮಾರುತ್ತಿದ್ದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್, 1953ರಲ್ಲಿ ಮುಂದೆ ಲೋಡರ್, ಹಿಂದೆ ಅಗೆಯುವ ಕೈ ಎರಡನ್ನೂ ಒಂದೇ ಗಾಡಿಗೆ ಜೋಡಿಸಿದ. ಅವನ ಹೆಸರಿನ ಮೂರು ಅಕ್ಷರ 1979ರಲ್ಲಿ ಎಸ್ಕಾರ್ಟ್ಸ್ ಜೊತೆಗೂಡಿ ಹರಿಯಾಣದ ಬಲ್ಲಭಗಢದಲ್ಲಿ ಕಾರ್ಖಾನೆ ತೆರೆಯಿತು. ಕನ್ನಡಕ್ಕೆ ಹೊಸ ನಾಮಪದ ಸಿಕ್ಕಿದ್ದು ಅಲ್ಲಿಂದ.

ಜೆಸಿಬಿ ಇಷ್ಟು ಬೇಗ ಗೆದ್ದದ್ದಕ್ಕೆ ಸರಳ ಕಾರಣಗಳಿವೆ. ಅದು ಅಗೆಯುತ್ತದೆ, ತುಂಬುತ್ತದೆ, ಮಟ್ಟ ಹೊಡೆಯುತ್ತದೆ, ಮರ ಕೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಚಕ್ರದ ಮೇಲೆ ತಾನೇ ರಸ್ತೆಯಲ್ಲಿ ಬರುತ್ತದೆ. ಬೆಳಿಗ್ಗೆ ಗುಬ್ಬಿಯಲ್ಲಿ ಪಾಯ ತೋಡಿ, ಮಧ್ಯಾಹ್ನ ಇಪ್ಪತ್ತು ಕಿಲೋಮೀಟರ್ ದೂರದ ತುಮಕೂರಿನಲ್ಲಿ ಚರಂಡಿ ಬಿಡಿಸಬಹುದು. ಒಬ್ಬ ಮಾಲೀಕ, ಒಬ್ಬ ಡ್ರೈವರ್, ಒಂದು ಫೋನು ಇದ್ದರೆ ವ್ಯಾಪಾರ ಶುರು.

ಇಲ್ಲೊಂದು ಸದ್ದಿಲ್ಲದ ಬದಲಾವಣೆ ನಡೆಯಿತು. ಮಣ್ಣಿಗೆ ಕೊಡುತ್ತಿದ್ದ ದುಡ್ಡನ್ನು ಜನ ಗಂಟೆಗೆ ಕೊಡತೊಡಗಿದರು. ಹಿಂದೆ ಅಳೆಯುತ್ತಿದ್ದುದು ಗುಂಡಿಯನ್ನು, ಈಗ ನೋಡುವುದು ಅವರ್ ಮೀಟರನ್ನು. ಗಂಟೆಯ ಲೆಕ್ಕಕ್ಕೆ ಅವಸರ ಅಂಟಿಕೊಂಡಿರುತ್ತದೆ. ಬಾಡಿಗೆ ಏರುತ್ತಿರುವಾಗ ಮೇಲ್ಮಣ್ಣನ್ನು ಮೊದಲು ಕೆರೆದು ಒಂದು ಬದಿಗೆ ಗುಡ್ಡೆ ಹಾಕಿ, ಕೆಳಮಣ್ಣನ್ನು ಸಮ ಮಾಡಿ, ಆಮೇಲೆ ಮೇಲ್ಮಣ್ಣನ್ನು ವಾಪಸ್ ಹರಡಿ ಎಂದು ಹೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಎಲ್ಲ ಕಲಸಿ ಮಟ್ಟ ಹೊಡೆದು ಹೋಗುತ್ತಾರೆ. ಎಷ್ಟೋ ಹೊಸ ಬಡಾವಣೆಗಳ ಪಾರ್ಕಿನಲ್ಲಿ ಹುಲ್ಲು ಹಿಡಿಯದೆ ಕೆಂಪು ಗೊರಸು ಮಣ್ಣು ಇಣುಕುತ್ತಿರುವುದಕ್ಕೆ ಕಾರಣ ಮಾಲಿಯ ಸೋಮಾರಿತನ ಅಲ್ಲ. ಅಂಗೈ ಆಳದ ಜೀವಂತ ಮಣ್ಣು ಮೊದಲ ದಿನವೇ ಅಡಿಗೆ ಹೋಗಿರುತ್ತದೆ.

ಈಗ ಪುಟ್ಟ ಲೋಡರಿನ ಕಥೆಗೆ ಬರೋಣ. ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾತ್ಸೇ ಎಂಬ ಹಳ್ಳಿಯಲ್ಲಿ ಸಿರಿಲ್ ಕೆಲ್ಲರ್, ಲೂಯಿಸ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು ರಿಪೇರಿ ಅಂಗಡಿ ನಡೆಸುತ್ತಿದ್ದರು. ಟರ್ಕಿ ಕೋಳಿ ಸಾಕುತ್ತಿದ್ದ ರೈತನೊಬ್ಬ 1956ರಲ್ಲಿ ಅವರಲ್ಲಿಗೆ ಬಂದ. ಅವನ ಕೊಟ್ಟಿಗೆಗೆ ಎರಡು ಅಂತಸ್ತು. ಗೊಬ್ಬರ ಬಾಚಲು ಟ್ರಾಕ್ಟರ್ ಒಳಗೆ ತರುವಂತಿಲ್ಲ: ಕಂಬಗಳು ಅಡ್ಡ, ಮೇಲಂತಸ್ತು ಭಾರ ತಡೆಯುವುದಿಲ್ಲ. ಕಂಬಗಳ ನಡುವೆ ತಿರುಗುವಷ್ಟು ಚಿಕ್ಕದೂ, ಮರದ ನೆಲ ಮುರಿಯದಷ್ಟು ಹಗುರವೂ ಆದ ಯಂತ್ರ ಬೇಕಿತ್ತು. ಕೆಲ್ಲರ್ ಸಹೋದರರು ಮುಂದೆ ಎರಡು ಚಾಲಕ ಚಕ್ರ, ಹಿಂದೆ ತಾನಾಗಿ ತಿರುಗುವ ಒಂದು ಚಿಕ್ಕ ಚಕ್ರ ಇರುವ ಲೋಡರನ್ನು 1957ರ ಫೆಬ್ರವರಿಯಲ್ಲಿ ಮಾಡಿಕೊಟ್ಟರು. ನಾರ್ತ್ ಡಕೋಟಾದ ಗ್ವಿನ್ನರ್ ಊರಿನ ಮೆಲ್ರೋ ಕಂಪನಿ ಆ ವಿನ್ಯಾಸವನ್ನು ತೆಗೆದುಕೊಂಡಿತು. 1960ರಲ್ಲಿ ಹಿಂದಿನ ಒಂದು ಚಕ್ರದ ಜಾಗಕ್ಕೆ ಎರಡು ಬಂದು, ನಾಲ್ಕೂ ಚಕ್ರಕ್ಕೆ ಶಕ್ತಿ ಸಿಕ್ಕಿತು. 1962ರಲ್ಲಿ ಬಾಬ್‌ಕ್ಯಾಟ್ ಎಂಬ ಹೆಸರು ಬಂತು. ಅದು ಅಲ್ಲಿನ ಕಾಡುಬೆಕ್ಕಿನ ಹೆಸರು.

ಈ ನಾಲ್ಕು ಚಕ್ರದ ಯಂತ್ರಕ್ಕೆ ಕಾರಿನಂತೆ ಚಕ್ರ ಹೊರಳಿಸುವ ಸ್ಟೀರಿಂಗ್ ಇಲ್ಲ. ಎಡಗಡೆಯ ಎರಡು ಚಕ್ರ ಒಂದು ಜೋಡಿ, ಬಲಗಡೆಯ ಎರಡು ಇನ್ನೊಂದು. ಒಂದು ಜೋಡಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಓಡಿಸಿದರೆ ಯಂತ್ರ ನಿಂತಲ್ಲೇ ತಿರುಗುತ್ತದೆ. ತಿರುಗುವಾಗ ಚಕ್ರಗಳು ಉರುಳುವುದಕ್ಕಿಂತ ಹೆಚ್ಚಾಗಿ ನೆಲವನ್ನು ಉಜ್ಜುತ್ತ ಜಾರುತ್ತವೆ. ಅದಕ್ಕೇ ಅದು 'ಸ್ಕಿಡ್ ಸ್ಟೀರ್', ಜಾರಿ ತಿರುಗುವ ಗಾಡಿ.

ನಮ್ಮ ಅಡಿಕೆ ತೋಟವೂ ಒಂದು ರೀತಿಯಲ್ಲಿ ಕಂಬಗಳ ಕೊಟ್ಟಿಗೆಯೇ. ರಾತ್ಸೇಯ ಯಂತ್ರ ಗುಬ್ಬಿಯ ತೋಟಕ್ಕೆ ಹೇಳಿ ಮಾಡಿಸಿದಂತಿದೆ ಎಂದು ಯಾರಿಗಾದರೂ ಅನ್ನಿಸಬಹುದು. ಅಳತೆ ಹಿಡಿದು ನೋಡೋಣ. ಅಡಿಕೆ ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ, ಅಂದರೆ 2.7 ಮೀಟರ್, ಎಂಬುದು ಶಿಫಾರಸಾದ ಅಂತರ. ಎರಡು ಕಾಲು ಮೀಟರ್ ಹತ್ತಿರದ ಅಗಲವಿರುವ ಜೆಸಿಬಿ ಅಲ್ಲಿ ಉಸಿರು ಬಿಗಿಹಿಡಿದು ನುಗ್ಗಬೇಕು. ಸ್ಕಿಡ್ ಸ್ಟೀರ್ ಸಾಮಾನ್ಯವಾಗಿ ಒಂದೂವರೆಯಿಂದ 1.8 ಮೀಟರ್ ಅಗಲ. ಸಾಲಿನಲ್ಲಿ ಸಲೀಸಾಗಿ ಹೋಗುತ್ತದೆ. ಆದರೆ ಬಕೆಟ್ ಸೇರಿ ಅದರ ಉದ್ದ ಮೂರು ಮೀಟರಿಗೂ ಮೇಲೆ. ನಾಲ್ಕು ಗಿಡಗಳ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಇರುವುದು 3.8 ಮೀಟರ್. ಗಿರಕಿ ಹೊಡೆಯಲು ಹೋದರೆ ಬಕೆಟ್ಟಿನ ಮೂಲೆ ಯಾವುದಾದರೊಂದು ಗಿಡಕ್ಕೆ ತಾಗುತ್ತದೆ. ನೇರ ಹೋಗಿ, ಹಾಗೇ ಹಿಮ್ಮುಖವಾಗಿ ಬರಬೇಕು. ನಿಂತಲ್ಲೇ ತಿರುಗುವುದು ಅದರ ದೊಡ್ಡ ಗುಣವೆಂದು ಮಾರುತ್ತಾರೆ. ತೋಟದೊಳಗೆ ಆ ಗುಣವೇ ಕೆಲಸಕ್ಕೆ ಬಾರದು.

ಇದಕ್ಕಿಂತ ದೊಡ್ಡ ವ್ಯತ್ಯಾಸ ನೆಲದ್ದು. ಕೊಟ್ಟಿಗೆಯ ನೆಲ ಸತ್ತ ಮರದ ಹಲಗೆ. ತೋಟದ ನೆಲದಲ್ಲಿ ಜೀವಂತ ಬೇರುಗಳಿವೆ. ಅಡಿಕೆಗೆ ತಾಯಿಬೇರು ಇಲ್ಲ. ನಾರುಬೇರುಗಳು ಬುಡದ ಸುತ್ತ ಮೇಲುಮೇಲಿನ ಮಣ್ಣಿನಲ್ಲೇ ಹರಡಿರುತ್ತವೆ. ಎರಡೂವರೆ ಮೂರು ಟನ್ನಿನ ಯಂತ್ರ ಅದರ ಮೇಲೆ ಉಜ್ಜಿ ಜಾರಿದರೆ ಮೇಲಿನವು ಹರಿಯುತ್ತವೆ, ಕೆಳಗಿನವು ಬಿಗಿದ ಮಣ್ಣಿನಲ್ಲಿ ಉಸಿರುಗಟ್ಟುತ್ತವೆ. ಡ್ರಿಪ್ ಪೈಪು, ನಡುವೆ ಹಾಕಿದ ಬಾಳೆ, ಕಂಬಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಬೇರೆ. ಗೋಡು ಹಾಕಿಸಿ ತೋಟಕ್ಕೆ ಉಪಕಾರ ಮಾಡಿದೆವೆಂದುಕೊಂಡವರು, ಗೋಡು ತಂದ ಗಾಡಿಯಿಂದಲೇ ತೋಟಕ್ಕೆ ಅಪಕಾರ ಮಾಡಿರುತ್ತಾರೆ.

ಹಾಗಾದರೆ ಆಯ್ಕೆ ಹೇಗೆ? ಈ ಸೀಮೆಯ ಮಟ್ಟಿಗೆ ಉತ್ತರ ಜಾಗದಿಂದ ಜಾಗಕ್ಕೆ ಬೇರೆ. ಬೆಳೆದು ನಿಂತ ಅಡಿಕೆ ತೋಟದೊಳಗೆ ಮೀಟರ್ ಅಗಲದ, ಹಿಂದೆ ನಡೆದುಕೊಂಡೋ ನಿಂತುಕೊಂಡೋ ನಡೆಸುವ ಮಿನಿ ಲೋಡರ್ ಸರಿ. ಅದು ಸಿಗದಿದ್ದರೆ ತೋಟದ ಅಂಚಿನವರೆಗೆ ಯಂತ್ರ, ಅಲ್ಲಿಂದ ಮುಂದೆ ಪುಟ್ಟಿ. ಇಪ್ಪತ್ತೈದು ಅಡಿ ಅಂತರದ ತೆಂಗಿನ ತೋಟದಲ್ಲಿ ಸ್ಕಿಡ್ ಸ್ಟೀರ್ ಆರಾಮವಾಗಿ ತಿರುಗುತ್ತದೆ, ಆದರೆ ಬುಡದಿಂದ ದೂರವಿರಬೇಕು, ಮಣ್ಣು ಹಸಿಯಾಗಿರಬಾರದು. ಮಳೆ ನಿಂತ ಮರುದಿನದ ಕೆಲಸ ಒಂದು ವರ್ಷದ ಇಳುವರಿಯನ್ನು ಕೇಳಬಹುದು. ಹೊಸ ಸಸಿಗೆ ಮೀಟರ್ ಉದ್ದ ಅಗಲ ಆಳದ ಗುಂಡಿ ತೋಡುವಲ್ಲಿ ಜೆಸಿಬಿಯ ಹಿಂಗೈಗೆ ಸಮ ಇಲ್ಲ. ಅದನ್ನು ಗಂಟೆ ಬಾಡಿಗೆಗೆ ತರುವುದೇ ಲೇಸು. ಕಾರ್ಖಾನೆ, ಕಾಲೇಜಿನ ಖಾಲಿ ಅಂಗಳಕ್ಕೆ ಸ್ಕಿಡ್ ಸ್ಟೀರ್ ನಿಜವಾದ ಗೆಳೆಯ: ಬಕೆಟ್ ಕಳಚಿ ಗುಂಡಿ ಕೊರೆಯುವ ಆಗರ್, ಕಾಲುವೆ ತೋಡುವ ಟ್ರೆಂಚರ್, ಮಟ್ಟ ಹೊಡೆಯುವ ಬ್ಲೇಡು, ಕಲ್ಲುಚಪ್ಪಡಿ ಎತ್ತುವ ಫೋರ್ಕ್ ಎಲ್ಲವನ್ನೂ ಒಂದರ ಹಿಂದೊಂದು ಸಿಕ್ಕಿಸಬಹುದು. ಹುಲ್ಲುಹಾಸು ಬೆಳೆದ ಮೇಲೆ ಅದೇ ಗೆಳೆಯನನ್ನು ಹೊರಗೆ ನಿಲ್ಲಿಸಬೇಕು. ಟಿಪ್ಪುವಿನ ಕಾಲದಿಂದ ಕುಣಿಗಲ್ಲಿನಲ್ಲಿರುವ ಕುದುರೆ ಫಾರಂನಂಥ ಹುಲ್ಲುಗಾವಲಿನ ಮೇಲೆ ಸ್ಕಿಡ್ ಸ್ಟೀರ್ ಒಂದು ಸುತ್ತು ತಿರುಗಿದರೆ ಅಲ್ಲೊಂದು ವೃತ್ತದ ಗಾಯ ಉಳಿಯುತ್ತದೆ. ಅಂಥ ಕಡೆ ನಡು ಬಗ್ಗಿಸಿ ತಿರುಗುವ ಸಣ್ಣ ಲೋಡರ್ ಬೇಕು. ಅಗಲವಾದ ರಬ್ಬರ್ ಪಟ್ಟಿಯ ಮೇಲೆ ಓಡುವುದು ಭಾರವನ್ನು ಹಂಚುತ್ತದೆ ನಿಜ, ಆದರೆ ಗಕ್ಕನೆ ತಿರುಗಿದರೆ ಅದೂ ಹುಲ್ಲನ್ನು ಸುಲಿಯುತ್ತದೆ.

ಭಾರದ ಲೆಕ್ಕವನ್ನೂ ಓದಲು ಬರಬೇಕು. ಲೋಡರ್ ಮುಂದಕ್ಕೆ ಮಗುಚಿಕೊಳ್ಳುವ ಭಾರಕ್ಕೆ 'ಟಿಪ್ಪಿಂಗ್ ಲೋಡ್' ಎನ್ನುತ್ತಾರೆ. ಚಕ್ರದ ಸ್ಕಿಡ್ ಸ್ಟೀರಿಗೆ ಅದರ ಅರ್ಧ, ಪಟ್ಟಿಯದಕ್ಕೆ ನೂರಕ್ಕೆ 35ರಷ್ಟು ಮಾತ್ರ ಎತ್ತಬಹುದಾದ ಭಾರ ಎಂದು ಹಿಡಿಯುವುದು ರೂಢಿ. 0.4 ಘನ ಮೀಟರಿನ ಬಕೆಟ್ ತುಂಬ ಮಣ್ಣೆಂದರೆ 640 ಕಿಲೋ. ಹಸಿಯಾದರೆ ಇನ್ನೂ ಹೆಚ್ಚು. ಬಕೆಟ್ ದೊಡ್ಡದಿದೆ ಎಂದು ಖುಷಿಪಡುವ ಮುಂಚೆ ಯಂತ್ರ ಅಷ್ಟನ್ನು ಹೊರಬಲ್ಲದೇ ನೋಡಬೇಕು. ತೋಳು ಕಮಾನಿನಂತೆ ಏಳುವ ಲೋಡರ್ ಅಗೆತಕ್ಕೆ, ಮಟ್ಟಕ್ಕೆ ಒಳ್ಳೆಯದು. ನೆಟ್ಟಗೆ ಮೇಲೇಳುವುದು ಟಿಪ್ಪರಿಗೆ ತುಂಬಲು ಒಳ್ಳೆಯದು. ಕೆರೆ ದಂಡೆಯಂಥ ಇಳಿಜಾರಿನಲ್ಲಿ ಯಂತ್ರದ ಭಾರದ ತುದಿ ಯಾವಾಗಲೂ ಮೇಲ್ಮುಖವಾಗಿರಬೇಕು: ತುಂಬಿದ್ದಾಗ ಮುಂದಾಗಿ ಏರು, ಖಾಲಿಯಿದ್ದಾಗ ಹಿಂದಾಗಿ ಏರು. ಇದನ್ನು ಮರೆತವರಿಗೆ ಎರಡನೆಯ ಅವಕಾಶ ಸಿಗದೆ ಹೋಗಬಹುದು. ಇನ್ನೊಂದು ಮಾತು: ಇದು ಜೆಸಿಬಿಯಂತೆ ರಸ್ತೆಯಲ್ಲಿ ದೂರ ಓಡುವ ಗಾಡಿಯಲ್ಲ. ಗುಬ್ಬಿಯಿಂದ ಕುಣಿಗಲ್ಲಿಗೆ ಸಾಗಿಸಲು ಇನ್ನೊಂದು ಗಾಡಿ ಬೇಕು, ಅದರ ಬಾಡಿಗೆಯೂ ಕೆರೆಬಂಡಿಯ ಲೆಕ್ಕಕ್ಕೆ ಸೇರಬೇಕು.

ಈ ಲೆಕ್ಕಗಳ ನಡುವೆ ಇನ್ನೊಂದು ಲೆಕ್ಕ ಉಳಿದಿದೆ. ಆ 640 ಕಿಲೋದ ಒಂದು ಬಕೆಟ್ ಎಂದರೆ ಮೂವತ್ತೆರಡು ಪುಟ್ಟಿ. ನೂರು ಘನ ಅಡಿಗೆ ಏಳು ಬಕೆಟ್, ಅರ್ಧ ಗಂಟೆಯೂ ಹಿಡಿಯದ ಕೆಲಸ. ಇನ್ನೂರ ಇಪ್ಪತ್ತೈದು ಸಲ ತಲೆಯ ಮೇಲೆ ಹೊತ್ತ ಹೆಂಗಸಿನ ಕುತ್ತಿಗೆಯನ್ನು ನೆನೆದರೆ ಯಂತ್ರವನ್ನು ಶಪಿಸಲು ಬಾಯಿ ಬರುವುದಿಲ್ಲ. ಜಾತಿ ಹುಟ್ಟಿನಿಂದಲೇ ಹೊರೆಸಿದ್ದ ಆ ಪುಟ್ಟಿಯನ್ನು ಇಳಿಸಿದ್ದು ದೊಡ್ಡ ಬಿಡುಗಡೆ. ಆದರೆ ಪುಟ್ಟಿ ಇಳಿದಾಗ ಕೂಲಿಯೂ ಇಳಿಯಿತು. 2005ರ ಉದ್ಯೋಗ ಖಾತರಿ ಕಾಯ್ದೆ ಗುತ್ತಿಗೆದಾರರನ್ನು ದೂರವಿಟ್ಟು, ಸಾಧ್ಯವಾದಷ್ಟು ಮಟ್ಟಿಗೆ ಯಂತ್ರದ ಬದಲು ಕೈಯಲ್ಲೇ ಕೆಲಸ ಮಾಡಿಸಬೇಕು ಎಂದದ್ದು ಈ ಸಂಕಟ ಅರಿತೇ. ಕಾಯ್ದೆ ಕೂಲಿಯ ಬಗ್ಗೆ ಯೋಚಿಸಿತು. ಕೂಲಿಯ ಜೊತೆಗೇ ಹೋದ ಜ್ಞಾನದ ಬಗ್ಗೆ ಯೋಚಿಸಿದವರು ಕಡಿಮೆ. ಯಾವ ಮಣ್ಣನ್ನು ಬಿಗಿಯಬೇಕು, ಯಾವುದನ್ನು ಸಡಿಲ ಬಿಡಬೇಕು, ನೀರು ಎತ್ತ ಹರಿಯುತ್ತದೆ, ಎಲ್ಲಿ ಅಗೆಯಬಾರದು ಎಂಬ ಅರಿವು ಅಶ್ವಶಕ್ತಿಯ ಜೊತೆ ಬರುವುದಿಲ್ಲ.

ಆ ಅರಿವು ಪೂರ್ತಿ ಹೋಗಿಲ್ಲ. ಲೋಡರಿನ ಸೀಟಿನಲ್ಲಿ ಕೂರುವ ಹುಡುಗನ ಮನೆಯಲ್ಲೋ, ತೋಟ ಕಾಯುವ ಹಿರಿಯರ ಬಳಿಯಲ್ಲೋ, ಊರಿನ ನೀರುಗಂಟಿಯ ನೆನಪಿನಲ್ಲೋ ಅದು ಇನ್ನೂ ಸಿಗುತ್ತದೆ. ಯಂತ್ರ ಆರಿಸುವವರು ಶೋರೂಮಿಗೆ ಹೋಗುವ ಮುಂಚೆ ಅವರಲ್ಲೊಬ್ಬರನ್ನು ಕರೆದುಕೊಂಡು ಜಾಗವನ್ನು ಒಂದು ಸುತ್ತು ನಡೆದರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಗೇಟಿನ ಅಗಲ, ಗಿಡಗಳ ಅಂತರ, ಇಳಿಜಾರು, ಮಣ್ಣಿನ ಹಸಿ ಇವಿಷ್ಟನ್ನು ಬರೆದುಕೊಳ್ಳಲಿ. ಕೆಲಸ ಶುರುವಾದ ದಿನ ಅಂಗಳದ ಒಂದು ಮೂಲೆಯಲ್ಲಿ ಅಗೆಯದ ಒಂದು ದಿಂಡನ್ನು, ನೆತ್ತಿಯ ಹುಲ್ಲಿನ ಸಮೇತ, ಹಾಗೆಯೇ ಬಿಡಲಿ. ಎಷ್ಟು ಮಣ್ಣು ಹೋಯಿತು, ಎಷ್ಟು ಬಂತು, ಮೇಲ್ಮಣ್ಣು ಎಷ್ಟು ದಪ್ಪವಿತ್ತು ಎಂಬುದನ್ನು ಅವರ್ ಮೀಟರ್ ಹೇಳುವುದಿಲ್ಲ, ಆ ದಿಂಡು ಹೇಳುತ್ತದೆ.